ಐವತ್ತು ಕಿಲೋಮೀಟರು ಮತ್ತು ಒಂದು ರೇಷನ್ ಕಾರ್ಡು

ಮೊದಲೇ ಹೇಳಿಬಿಡುತ್ತೇನೆ, ಆ ಕವರಿನ ಬಣ್ಣ ನನಗೆ ಸರಿಯಾಗಿ ನೆನಪಿಲ್ಲ. ನನ್ನ ದಿನಚರಿಯಲ್ಲಿ ಎರಡು ಕಡೆ ಹಳದಿ ಎಂದು ಬರೆದಿದ್ದೇನೆ, ಒಂದು ಕಡೆ ಗುಲಾಬಿ ಎಂದಿದೆ. ಮೂರೂ ನನ್ನದೇ ಕೈಬರಹ. ಮೂವತ್ತು ವರ್ಷದ ಹಿಂದಿನ ಒಂದು ಬೆಳಗಿನ ಕಥೆಯನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ಆ ಬೆಳಗೋ ಅಥವಾ ಹಿಂದಿನ ಸಲ ಅದನ್ನು ಹೇಳಿದ ರೀತಿಯೋ ಎಂಬುದೇ ಅನುಮಾನ. ಹಾಗಾಗಿ ಕವರಿನ ಬಣ್ಣ, ಬಸ್ಸಿನ ಹೊತ್ತು, ಯಾರ ಕಾಲಲ್ಲಿ ಚಪ್ಪಲಿ ಇತ್ತು ಎಂಬಂಥ ವಿವರಗಳ ಮೇಲೆ ನೀವು ಹೆಚ್ಚು ಭಾರ ಹಾಕಬೇಡಿ. ಓಡಿದ್ದು ಮಾತ್ರ ನಿಜ. ಅದಕ್ಕೆ ಸಾಕ್ಷಿ ನಾನೇ; ಆಕೆ ಓಡಿ ಬರದಿದ್ದರೆ ನಾನು ಈ ಹೊತ್ತು ಇಲ್ಲಿ ಕೂತು ಬರೆಯುತ್ತಿರಲಿಲ್ಲ.

ಕವರು ನೆನಪಾದದ್ದು ಮೂರು ತಿಂಗಳ ಹಿಂದೆ, ಅಡುಗೆಮನೆಯ ಡ್ರಾಯರಿನ ಮುಂದೆ. ನಾನು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವವಳು, ನಲವತ್ತೈದು ದಾಟಿದವಳು. ಆ ವಾರ ಯಾವುದೋ ಧೈರ್ಯದಲ್ಲಿ ಐವತ್ತು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಿದ್ದೆ. ನಲವತ್ತೆರಡು ಚಿಲ್ಲರೆ ಕಿಲೋಮೀಟರು ಓಡಿದರೆ ಮ್ಯಾರಥಾನ್, ಅದಕ್ಕಿಂತ ಉದ್ದದ್ದೆಲ್ಲ ಅಲ್ಟ್ರಾ ಮ್ಯಾರಥಾನ್. ನನಗಿದು ಮೊದಲನೆಯದು. ಪಾಂಡವಪುರದ ಹೊರಗಿನಿಂದ ಹೊರಟು ನಾಗಮಂಗಲದ ದಿಕ್ಕಿಗೆ ಇಪ್ಪತ್ತೈದು, ಅಲ್ಲಿ ತಿರುಗಿಕೊಂಡು ಅದೇ ದಾರಿಯಲ್ಲಿ ಇಪ್ಪತ್ತೈದು. ಎಂಟು ಗಂಟೆಯೊಳಗೆ ಮುಗಿಸಬೇಕು. ಮೀರಿದವರನ್ನು ಹಿಂದೆ ಬರುವ ವ್ಯಾನು ಹತ್ತಿಸಿಕೊಳ್ಳುತ್ತದೆ. ಓಟದವರು ಕಳಿಸಿದ ಪಟ್ಟಿಯಲ್ಲಿ ಕಡ್ಡಾಯ ಎಂದು ಗೆರೆ ಎಳೆದ ಒಂದು ಸಾಲಿತ್ತು: ಗುರುತಿನ ಚೀಟಿ, ನೀರು ತಾಗದ ಕವರಿನಲ್ಲಿ.

ಡ್ರಾಯರಿನಲ್ಲಿ ಸೀರೆ ಅಂಗಡಿಯ ಹಳೆಯ ಪ್ಲಾಸ್ಟಿಕ್ ಕವರೊಂದು ಸಿಕ್ಕಿತು. ಆಧಾರ್ ಕಾರ್ಡನ್ನು ಅದರೊಳಗಿಟ್ಟು ಮಡಚಿ ಸೊಂಟಕ್ಕೆ ಸಿಕ್ಕಿಸಿ ನೋಡಿದೆ. ಪ್ಲಾಸ್ಟಿಕ್ಕು ಚರಪರ ಎಂದಿತು. ಆ ಸದ್ದಿಗೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಲೆಯ ಮೇಲಿದ್ದ ಹಾಲು ಉಕ್ಕಿತು.

ನನ್ನ ಹುಟ್ಟೂರು ನಾಗಮಂಗಲ ತಾಲ್ಲೂಕಿನ ಒಣಭೂಮಿ. ಹತ್ತಿರದಲ್ಲಿ ಹೈಸ್ಕೂಲು ಇರಲಿಲ್ಲ. ಹಾಗಾಗಿ ಏಳನೇ ಕ್ಲಾಸು ಮುಗಿದ ಮೇಲೆ ನನ್ನನ್ನು ಸೋದರತ್ತೆ ಜಯಮ್ಮನ ಮನೆಗೆ ಬಿಟ್ಟರು. ಅದು ಅರಕೆರೆಗೂ ಶ್ರೀರಂಗಪಟ್ಟಣಕ್ಕೂ ನಡುವಿನ ನಾಲೆ ಬಯಲಿನ ಊರು. ಓದಿದ್ದು ಅರಕೆರೆಯಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಾತ್ರ ಶ್ರೀರಂಗಪಟ್ಟಣದಲ್ಲಿ ಸೆಂಟರು ಬಿತ್ತು.

ಪರೀಕ್ಷೆಯ ಹಿಂದಿನ ದಿನ ಅತ್ತೆ ನನ್ನ ಹಾಲ್ ಟಿಕೆಟ್ಟನ್ನು ಸೀರೆ ಕವರಿನೊಳಗಿಟ್ಟು, ಕುಂಕುಮ ಹಚ್ಚಿ, ಅರಿಶಿನದ ದಾರದಲ್ಲಿ ಗಂಟು ಹಾಕಿ ದೇವರ ಪಟದ ಹಿಂದೆ ಇಟ್ಟರು. “ಪರೀಕ್ಸೆ ಬಾಗ್ಲಲ್ಲೇ ಬಿಚ್ಚಬೇಕು ಕನವ್ವ. ಮುಂಚೆ ಬಿಚ್ಚಿದ್ರೆ ಪೂಜೆ ಮಾಡಿದ್ದು ಓಯ್ತದೆ.” ನಾನು ತಲೆಯಾಡಿಸಿದೆ. ಆಕೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದೇ ತಪ್ಪಾಯಿತು. ಯಾಕೆಂದರೆ ಮನೆಯಲ್ಲಿ ಮುಖ್ಯವೆನಿಸಿದ ಕಾಗದಕ್ಕೆಲ್ಲ ಅದೇ ಮರ್ಯಾದೆ. ಪಟದ ಹಿಂದೆ ಅಂಥದೇ ಇನ್ನೊಂದು ಕವರು, ಅಂಥದೇ ಗಂಟು, ಅಂಥದೇ ಕುಂಕುಮದ ಬೊಟ್ಟು ಇತ್ತು. ಅದರೊಳಗಿದ್ದದ್ದು ರೇಷನ್ ಕಾರ್ಡು.

ಬೆಳಗಿನ ಮೊದಲ ಬಸ್ಸಿಗೆ ನಾನು ಹೊರಟೆ, ರೇಷನ್ ಕಾರ್ಡನ್ನು ಎದೆಗವುಚಿಕೊಂಡು. ಅತ್ತೆ ಸೊಸೈಟಿಗೆ ಹೊರಟರು, ನನ್ನ ಹಾಲ್ ಟಿಕೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಅವತ್ತು ತಿಂಗಳ ಕೊನೆಯ ದಿನ. ಆ ದಿನ ತರದಿದ್ದರೆ ಆ ತಿಂಗಳ ಅಕ್ಕಿ, ಸೀಮೆಎಣ್ಣೆ ಹೋದಂತೆ. ಸೊಸೈಟಿ ಎಂದರೆ ನ್ಯಾಯಬೆಲೆ ಅಂಗಡಿ. ಅಲ್ಲಿ ಜನ ನಿಲ್ಲುತ್ತಿರಲಿಲ್ಲ, ಚೀಲಗಳು ನಿಲ್ಲುತ್ತಿದ್ದವು. ನಸುಕಿನಲ್ಲೇ ಬಂದು ಚೀಲವನ್ನು ಸಾಲಿನಲ್ಲಿಟ್ಟು, ಮೇಲೊಂದು ಕಲ್ಲು ಹೇರಿ, ಜನ ನೆರಳಿಗೆ ಹೋಗಿ ಕೂರುತ್ತಿದ್ದರು. ಎಂಟೂ ಮುಕ್ಕಾಲರ ಸುಮಾರಿಗೆ ಅತ್ತೆಯ ಚೀಲದ ಸರದಿ ಬಂತು. ಆಕೆ ಗಂಟು ಬಿಚ್ಚಿ ಕಾಗದ ಮುಂದಿಟ್ಟರು.

ಸೊಸೈಟಿಯವನು ಕನ್ನಡಕ ಏರಿಸಿ ನೋಡಿದನಂತೆ. “ಜಯಮ್ಮಕ್ಕಾ, ಇದ್ಕೆ ಅಕ್ಕಿ ಕೊಡಕ್ಕಾಗಕಿಲ್ಲ ಕನಕ್ಕ. ಇದು ನಿಮ್ ಉಡ್ಗಿ ಪರೀಕ್ಸೆ ಚೀಟಿ!”

ಸಾಲಿನಲ್ಲಿದ್ದವರು ನಕ್ಕರಂತೆ. ಅತ್ತೆ ನಗಲಿಲ್ಲ, ಅಳಲೂ ಇಲ್ಲ. “ಏಟೊತ್ಗಂಟ ಬಾಗ್ಲು ತೆಗ್ದಿರ್ತೀಯಪ್ಪಾ?” ಎಂದು ಕೇಳಿದರಂತೆ. “ಅನ್ನೆಲ್ಡಕ್ಕೆ ಬೀಗ.” ಅಷ್ಟೇ. ಚೀಲವನ್ನೂ ಅದರೊಳಗಿದ್ದ ಎಲೆಯಡಿಕೆ ಸಂಚಿಯನ್ನೂ ಅಲ್ಲೇ ಬಿಟ್ಟು, ಸೀರೆ ಎತ್ತಿ ಕಟ್ಟಿ, ನಾಲೆ ಏರಿ ಹಿಡಿದು ಹೊರಟರು. ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಅದೂ ಬಂದರೆ ಬಂತು.

ಈಚೆ ಪರೀಕ್ಷೆಯ ಬಾಗಿಲಲ್ಲಿ ನಾನು ಗಂಟು ಬಿಚ್ಚಿದ್ದೆ. ಮೇಷ್ಟರೊಬ್ಬರು ಕಾರ್ಡನ್ನು ತಿರುಗಿಸಿ ನೋಡಿ, “ಇದನ್ನ ಇಟ್ಕೊಂಡು ಸೀಮೆಎಣ್ಣೆ ತಗೋಬಹುದು ಕಣಮ್ಮ, ಪರೀಕ್ಷೆ ಬರೆಯಕ್ಕಾಗಲ್ಲ” ಎಂದರು. ನಾನು ಗೇಟಿನ ಪಕ್ಕದ ಮರದ ಕೆಳಗೆ ನಿಂತು ಅಳುತ್ತಿದ್ದೆ. ಹಾಗಂತ ನಾನು ಹೇಳುವುದು. ನನ್ನ ಜೊತೆಗಿದ್ದ ಗೆಳತಿ ಈಗಲೂ ಸಿಕ್ಕಾಗ, “ಸುಳ್ಳು ಹೇಳಬೇಡ, ನೀನು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂತಿದ್ದೆ” ಎನ್ನುತ್ತಾಳೆ. ಇರಬಹುದು. ಎರಡನ್ನೂ ಒಟ್ಟಿಗೆ ಮಾಡಿದ್ದೆನೋ ಏನೋ.

ಅತ್ತೆ ಬಂದಾಗ ಮೊದಲ ಬೆಲ್ಲು ಹೊಡೆದಿತ್ತು ಎಂದು ಇತ್ತೀಚೆಗೆ ಹೇಳುತ್ತಿದ್ದೇನೆ. ಹಳೆಯ ದಿನಚರಿಯ ಪ್ರಕಾರ ಇನ್ನೂ ಐದು ನಿಮಿಷವಿತ್ತು. ಕೈಯಲ್ಲಿ ಹವಾಯಿ ಚಪ್ಪಲಿ, ಮೊಣಕಾಲವರೆಗೆ ಧೂಳು, ಮುಖವೆಲ್ಲ ಬೆವರು. ಹಾಲ್ ಟಿಕೆಟ್ ನನ್ನ ಕೈಗಿಟ್ಟು, ನನ್ನ ಕೈಯಿಂದ ರೇಷನ್ ಕಾರ್ಡು ಕಿತ್ತುಕೊಂಡರು. “ಬಿಚ್ಚಬ್ಯಾಡ ಅಂದೋಳು ನಾನೇ. ತಪ್ಪು ನಂದೇಯ. ಓಗು, ಚೆನ್ನಾಗ್ ಬರಿ.” ಅಲ್ಲಿಗೆ ಕಥೆ ಮುಗಿಯುತ್ತದೆ. ನಾನು ಒಳಗೆ ಹೋದೆ, ಬರೆದೆ, ಪಾಸಾದೆ, ಕಾಲೇಜಿಗೆ ಹೋದೆ, ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿದೆ. ಮೂವತ್ತು ವರ್ಷದಿಂದ ಈ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾ ಬಂದಿದ್ದೇನೆ. ಕೇಳಿದವರೂ ಅಲ್ಲಿಗೇ ಚಪ್ಪಾಳೆ ತಟ್ಟುತ್ತಾ ಬಂದಿದ್ದಾರೆ.

ಹಾಗೆಂದು ಓಟ ನನಗೆ ರಕ್ತದಲ್ಲೇ ಬಂತು ಎಂದು ಬರೆಯುವ ಆಸೆ ಇದ್ದರೂ ಬರೆಯಲಾರೆ. ನಾಲ್ಕು ವರ್ಷದ ಹಿಂದೆ ಕಾಲೇಜಿನ ಕ್ರೀಡಾದಿನದಲ್ಲಿ ಅಧ್ಯಾಪಕಿಯರ ನಿಂಬೆಹಣ್ಣು–ಚಮಚದ ಓಟ ಇಟ್ಟಿದ್ದರು. ಕೊನೆಯವಳಾಗಿ ಬಂದೆ. ನಿಂಬೆಹಣ್ಣು ಮಾತ್ರ ಬೀಳಲಿಲ್ಲ. ಉಳಿದ ಆರು ಜನ ಹಣ್ಣು ಬೀಳಿಸಿ, ಎತ್ತಿಕೊಂಡು, ಮತ್ತೆ ಓಡಿ ನನಗಿಂತ ಮುಂದೆ ಹೋಗಿದ್ದರು. ಅವತ್ತು ಸಂಜೆ ನನಗೊಂದು ವಿಚಿತ್ರ ಜಂಬ ಬಂತು: ನನಗೆ ವೇಗವಿಲ್ಲ, ಆದರೆ ಬೀಳಿಸುವುದಿಲ್ಲ. ನಿಧಾನವಾಗಿ ಬಹಳ ಹೊತ್ತು ಓಡುವ ಓಟ ಎಲ್ಲಾದರೂ ಇದ್ದರೆ ಅದು ನನ್ನದು.

ನಮ್ಮ ಕಡೆ ನಡುವಯಸ್ಸಿನ ಹೆಂಗಸು ರಸ್ತೆಯಲ್ಲಿ ಓಡಿದರೆ ಅದಕ್ಕೆ ಒಂದೇ ಅರ್ಥ. ಶುರುವಿನ ದಿನಗಳಲ್ಲಿ ಒಂದು ಬೆಳಿಗ್ಗೆ ಕೆ.ಆರ್. ಪೇಟೆಯ ಹೊರಗೆ ಓಡುತ್ತಿದ್ದಾಗ ವಯಸ್ಸಾದ ಯಜಮಾನರೊಬ್ಬರು ಎದುರಿನಿಂದ ಬರುತ್ತಿದ್ದವರು ಮೊಪೆಡ್ಡು ತಿರುಗಿಸಿಕೊಂಡು ನನ್ನ ಪಕ್ಕಕ್ಕೇ ಬಂದರು. “ಯಾರವ್ವಾ ಓಗ್ಬುಟ್ಟಿದ್ದು?” ಯಾರೂ ಹೋಗಿಲ್ಲ ಎಂದೆ. “ಮತ್ತೆ ಆಸ್ಪತ್ರೇಲಿ ಮಡಗವ್ರಾ?” ಇಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ಅವರು ನಂಬಲಿಲ್ಲ. ಇಂಥ ಹೊತ್ತಿನಲ್ಲಿ ಹೆಣ್ಣುಮಗಳನ್ನು ಒಬ್ಬಳೇ ಬಿಡಬಾರದೆಂದು ಎರಡು ಕಿಲೋಮೀಟರು ಜೊತೆಗೆ ಬಂದರು. ನಾನು ತಿರುಗಿ ಬಂದ ದಾರಿಯಲ್ಲೇ ವಾಪಸ್ ಓಡಲು ಶುರುಮಾಡಿದಾಗಲೇ ಅವರಿಗೆ ಸಿಟ್ಟು ಬಂದದ್ದು.

ಈಗ ಜನಕ್ಕೆ ಅಭ್ಯಾಸವಾಗಿದೆ. ಅದರಲ್ಲಿ ಅರ್ಧ ಪುಣ್ಯ ನಸ್ರೀನಳದು. ಆಕೆ ನಮ್ಮ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ನನ್ನ ಓಟದ ಕುರ್ತಾಕ್ಕೆ ಮೂರು ಜೇಬು ಹೊಲಿದುಕೊಟ್ಟವಳು ಅವಳೇ: ಒಂದು ಆಲೆಮನೆ ಬೆಲ್ಲದ ಚೂರಿಗೆ, ಒಂದು ಉಪ್ಪು ಹಚ್ಚಿದ ಕಡಲೆಕಾಯಿ ಬೀಜಕ್ಕೆ, ಒಂದು ಕವರಿಗೆ. ಉದ್ದದ ಓಟದ ದಿನ ಸ್ಕೂಟರಿನಲ್ಲಿ ಮಜ್ಜಿಗೆ ಬಾಟಲಿ ಇಟ್ಟುಕೊಂಡು ದಾರಿಯಲ್ಲೆಲ್ಲಾದರೂ ಕಾಯುತ್ತಾಳೆ. “ಮೇಡಂ, ನಾನು ಸ್ಕೂಟ್ರಲ್ಲಿ, ನೀವು ಕಾಲಲ್ಲಿ. ಇಬ್ರಲ್ಲಿ ಒಬ್ರಿಗಾದ್ರೂ ಅಕಲ್ ಇರಬೇಕಲ್ವಾ” ಎನ್ನುತ್ತಾಳೆ.

ಓಡುವ ರೀತಿಯನ್ನು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತೆ. ಬಹಳ ದೂರ ಓಡುವವರು ಕಾಲನ್ನು ಎತ್ತಿ ಎತ್ತಿ ಹಾಕಬಾರದಂತೆ, ಹೆಜ್ಜೆ ಚಿಕ್ಕದಿರಬೇಕಂತೆ, ತಲೆ ಅಲುಗಬಾರದಂತೆ. ನೋಡನೋಡುತ್ತ, ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಕಬ್ಬಿನ ಸೋಗೆಯ ಹೊರೆ ಹೊತ್ತು ಗದ್ದೆಯಿಂದ ಮನೆಗೆ ಬರುವ ಹೆಂಗಸರ ನಡಿಗೆ ಅದು. ನಡಿಗೆಯೂ ಅಲ್ಲ, ಓಟವೂ ಅಲ್ಲ. ಸೊಂಟದ ಕೆಳಗೆ ಮಾತ್ರ ಓಡುತ್ತದೆ, ಮೇಲೆ ಹೊರೆ ನಿಂತಲ್ಲೇ ನಿಂತಿರುತ್ತದೆ. ಅತ್ತೆ ದಿನಕ್ಕೆರಡು ಸಲ ಹಾಗೆ ಬರುತ್ತಿದ್ದರು. ನಾನು ಟವೆಲು ಸುತ್ತಿ ಸಿಂಬೆ ಮಾಡಿ, ತಲೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ತಾರಸಿಯಲ್ಲಿ ಅಭ್ಯಾಸ ಮಾಡಿದೆ. ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಬಂದವರು ಒಣಹಾಕದೆ ಇಳಿದುಹೋದರು.

ಸೋತದ್ದು ಹೋದ ತಿಂಗಳು. ಅವತ್ತು ಮೂವತ್ತಾರು ಕಿಲೋಮೀಟರಿನ ಅಭ್ಯಾಸ: ಕೆ.ಆರ್. ಪೇಟೆಯಿಂದ ಮಾಕವಳ್ಳಿ ದಾಟಿ ಮುಂದಕ್ಕೆ ಹದಿನೆಂಟು, ವಾಪಸ್ ಹದಿನೆಂಟು. ಹೋಗುವಾಗ ನನ್ನನ್ನು ನೀವು ನೋಡಬೇಕಿತ್ತು. ಕಬ್ಬಿನ ಗದ್ದೆಯವರಿಗೆಲ್ಲ ಕೈ ಬೀಸಿಕೊಂಡು ಹೋದೆ. ತಿರುಗಿದ ಮೇಲೆ ಬಿಸಿಲು ಏರಿತು. ಇಪ್ಪತ್ತೆಂಟನೆಯ ಕಿಲೋಮೀಟರಿನಲ್ಲಿ ತೊಡೆ ಕಲ್ಲಾಯಿತು. ಹಿಂದಿನಿಂದ ಕಬ್ಬು ತುಂಬಿದ ಟ್ರಾಕ್ಟರು ಬಂದು ಪಕ್ಕದಲ್ಲಿ ನಿಧಾನಿಸಿತು.

“ಅಕ್ಕೋ, ಅತ್ಕಳಿ. ಮಾಕವಳ್ಳಿ ಫ್ಯಾಕ್ಟ್ರಿಗಂಟ ಬುಡ್ತೀನಿ.”

ಹತ್ತಿಬಿಟ್ಟೆ. ಬೇಡ ಎನ್ನಲು ಬಾಯಿ ತೆರೆದದ್ದು ನಿಜ, ಆದರೆ ಕಾಲು ಆಗಲೇ ಮೆಟ್ಟಿಲ ಮೇಲಿತ್ತು.

“ಗೆದ್ರೆ ಏನ್ ಕೊಡ್ತಾರಕ್ಕ?” ಡ್ರೈವರು ಕೇಳಿದ.

“ಗೆಲ್ಲಲ್ಲಪ್ಪ. ಮುಗಿಸಿದ್ರೆ ಒಂದು ಪದಕ ಕೊಡ್ತಾರೆ.”

“ಚಿನ್ನದ್ದಾ?”

“ತಗಡಿನದು.”

ಅವನು ಗೇರು ಬದಲಾಯಿಸಿದ. “ತಗಡಿಗೆ ಇಂಗಾ ಸಾಯೋದು!” ಎಂದ. ಅದರಲ್ಲಿ ಕುಹಕವಿರಲಿಲ್ಲ, ಮರುಕವಿತ್ತು. ಅದೇ ಹೆಚ್ಚು ಚುಚ್ಚಿತು.

ಫ್ಯಾಕ್ಟರಿಯ ಹತ್ತಿರ ನಸ್ರೀನ್ ಮಜ್ಜಿಗೆ ಹಿಡಿದು ನಿಂತಿದ್ದಳು. ನಾನು ಟ್ರಾಕ್ಟರಿನಿಂದ ಇಳಿಯುವುದನ್ನು ನೋಡಿದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. “ಹೋಗೋವಾಗ ಎಲ್ರೂ ಶೇರ್, ಸಿಂಹ ಮೇಡಂ. ವಾಪಸ್ ಬರೋವಾಗ್ಲೇ ಅಸಲಿ ಗೊತ್ತಾಗೋದು” ಎಂದಳು. ಸ್ಕೂಟರಿನ ಹಿಂದೆ ಕೂತು ನಾನು ನನ್ನನ್ನೇ ಬಯ್ದುಕೊಳ್ಳತೊಡಗಿದೆ: ನನ್ನ ಅತ್ತೆ ಮೊಬೈಲಿಲ್ಲದೆ, ಬೂಟಿಲ್ಲದೆ, ಬೆಲ್ಲವಿಲ್ಲದೆ ಓಡಿದ್ದರು; ಇಷ್ಟೆಲ್ಲ ಇದ್ದೂ ನನ್ನ ಕೈಲಾಗಲಿಲ್ಲ. ಆ ಕಥೆಯನ್ನು ನಸ್ರೀನ್ ಹತ್ತು ಸಲ ಕೇಳಿದ್ದಾಳೆ. ಆ ದಿನ ಮಾತ್ರ ಸ್ಕೂಟರು ನಿಧಾನ ಮಾಡಿ, “ಅದ್ಸರಿ ಮೇಡಂ, ಅವ್ರು ವಾಪಸ್ ಹೆಂಗೆ ಬಂದ್ರು?” ಎಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲೆ ಯೋಚಿಸಿದಷ್ಟೂ ನಾಚಿಕೆಯಾಯಿತು. ದುಡ್ಡಿಟ್ಟುಕೊಳ್ಳುತ್ತಿದ್ದ ಆಕೆಯ ಸಂಚಿ ಸೊಸೈಟಿಯ ಚೀಲದಲ್ಲೇ ಉಳಿದಿತ್ತು, ಅಂದರೆ ಬಸ್ಸಿಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಹನ್ನೆರಡಕ್ಕೆ ಸೊಸೈಟಿಗೆ ಬೀಗ. ಆಕೆ ನನ್ನ ಕೈಗೆ ಹಾಲ್ ಟಿಕೆಟ್ ಕೊಟ್ಟಾಗ ಹತ್ತು ಇಪ್ಪತ್ತೈದು. ಅಲ್ಲಿ ಊರಿನಲ್ಲಿ ಆಕೆಯ ಚೀಲ ಸಾಲಿನ ಮುಂದೆ ಬಂದಾಗಲೆಲ್ಲ ಯಾರೋ ಎತ್ತಿ ಹಿಂದಕ್ಕಿಡುತ್ತಿದ್ದರಂತೆ, ಜಯಮ್ಮಕ್ಕ ಬರಲಿ ಎಂದು. ಅಷ್ಟು ಗೊತ್ತು. ಸಂಜೆ ನಾನು ಬಸ್ಸಿಳಿದು ಮನೆಗೆ ಹೋದಾಗ ಅತ್ತೆ ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಿದ್ದರು. ನಡುಮನೆಯ ಮೂಲೆಯಲ್ಲಿ ತುಂಬಿದ ಅಕ್ಕಿ ಚೀಲ ಇತ್ತು. ಇತ್ತು ಎಂದು ನನ್ನ ನೆನಪು. ಚೀಲವನ್ನು ನಾನೇ ಈಗ ಅಲ್ಲಿ ತಂದಿಟ್ಟಿರಲೂಬಹುದು. ಅತ್ತೆಯ ಗಂಡ, ನಮ್ಮ ಮಾವನಿಗೆ ಫೋನು ಮಾಡಿ, ಅತ್ತೆ ಆವತ್ತು ವಾಪಸ್ ಬಂದದ್ದು ಹೇಗೆ ಎಂದು ಕೇಳಿದೆ. “ಬಂದ್ಲು ಕನವ್ವ. ಬರ್ದೆ ಎಲ್ಲಿಗೋದಾಳು?” ಎಂದರು.

ಮೂವತ್ತು ವರ್ಷ ನಾನು ಹೇಳಿದ್ದು ಅರ್ಧ ಓಟದ ಕಥೆ. ನನ್ನ ಕಡೆಗೆ ಬಂದ ಅರ್ಧ.

ಹಾಗಾಗಿ ಮೊನ್ನೆ ಶನಿವಾರ ಅತ್ತೆಯ ಊರಿಗೆ ಹೋದೆ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವರ ಅಂಗಳದಿಂದಲೇ ಹೊರಟೆ. ಆ ಸೊಸೈಟಿ ಈಗ ಬೇರೆ ಕಟ್ಟಡದಲ್ಲಿದೆ, ಚೀಲದ ಸಾಲು ಈಗಲೂ ಇದೆ. ನಾಲೆ ಏರಿಯ ಮೇಲೆ, ಭತ್ತದ ಬಯಲನ್ನು ಪಕ್ಕಕ್ಕಿಟ್ಟುಕೊಂಡು, ಪರೀಕ್ಷೆ ಬರೆದ ಶಾಲೆಯ ಗೇಟಿನವರೆಗೆ. ಊರವರ ಬಾಯಲ್ಲಿ ಆ ದಾರಿ ಹನ್ನೆರಡು ಮೈಲಿ. ನಾನೂ ಹಾಗೇ ಹೇಳಿಕೊಂಡು ಬಂದವಳು. ಕೈಗಡಿಯಾರ ಹನ್ನೊಂದು ಕಿಲೋಮೀಟರು ಏಳು ನೂರು ಮೀಟರು ತೋರಿಸಿತು. ಭೂಗೋಳದ ಮೇಷ್ಟ್ರಿಗೆ ಇದಕ್ಕಿಂತ ಅವಮಾನ ಬೇಕೆ? ಆದರೆ ಬೇಸರವಾಗಲಿಲ್ಲ. ಹನ್ನೆರಡು ಮೈಲಿ ಓಡಿದವಳು ಕಥೆಯ ಹೆಂಗಸು. ಹನ್ನೊಂದು ಮುಕ್ಕಾಲು ಕಿಲೋಮೀಟರನ್ನು ಬರಿಗಾಲಲ್ಲಿ ಓಡಿದವಳು ನನ್ನ ಅತ್ತೆ. ಅಲ್ಲಿ ಎಲ್ಲೆಲ್ಲಿ ಕಲ್ಲಿದೆ ಎಂದು ನನಗೀಗ ಗೊತ್ತು.

ಅಲ್ಲಿಂದ ಕರಿಘಟ್ಟದ ಬೆಟ್ಟಕ್ಕೆ ಹೋಗಿ ಮೆಟ್ಟಿಲು ಹತ್ತಿ ಇಳಿದು, ಮತ್ತೆ ಶಾಲೆಯ ಗೇಟಿಗೆ ಬಂದೆ. ಇನ್ನು ಉಳಿದದ್ದು ವಾಪಸ್ ದಾರಿ. ಗೇಟಿನಲ್ಲಿ ಗಡಿಯಾರ ನೋಡಿಕೊಂಡೆ, ಹತ್ತು ಗಂಟೆ. ಅತ್ತೆಗೆ ಇದ್ದದ್ದು ಹತ್ತು ಇಪ್ಪತ್ತೈದರಿಂದ ಹನ್ನೆರಡರವರೆಗೆ; ಆ ಲೆಕ್ಕದಲ್ಲಿ ನನಗೂ ತೊಂಬತ್ತೈದು ನಿಮಿಷ.

ಇಪ್ಪತ್ತೆಂಟನೆಯ ಕಿಲೋಮೀಟರು ಬಂತು. ತೊಡೆ ಮತ್ತೆ ಕಲ್ಲಾಯಿತು. ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, “ಯಾಕವ್ವ, ಬಸ್ಸು ತಪ್ಪೋಯ್ತಾ? ನಮ್ ಉಡ್ಗ ಗಾಡೀಲಿ ಬುಡ್ತಾನೆ ತಡಿ” ಎಂದಳು. ಈ ಸಲ ಬಾಯಿ ಕಾಲಿಗಿಂತ ಮುಂಚೆ ತೆರೆದುಕೊಂಡಿತು. ಬೇಡ ಕಣಕ್ಕ ಎಂದೆ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ. ತಲೆಯ ಮೇಲೆ ಸೋಗೆಯ ಹೊರೆ ಇದೆ, ಅದು ಅಲುಗಬಾರದು ಎಂದು ಹೇಳಿಕೊಂಡೆ. ಚಿಕ್ಕ ಹೆಜ್ಜೆ, ಚಿಕ್ಕ ಹೆಜ್ಜೆ. ಸೊಂಟದಲ್ಲಿ ಕವರು ಚರಪರ ಎನ್ನುತ್ತಲೇ ಇತ್ತು. ನೂರಾ ಮೂರು ನಿಮಿಷಕ್ಕೆ ಅಂಗಳ ಮುಟ್ಟಿದೆ. ಎಂಟು ನಿಮಿಷ ತಡ. ಸೊಸೈಟಿ ಬಾಗಿಲು ಹಾಕಿರುತ್ತಿತ್ತು. ಆದರೆ ಮೂವತ್ತೆರಡು ಕಿಲೋಮೀಟರನ್ನು ಓಡಿಯೇ ಹೋಗಿ ಓಡಿಯೇ ಬಂದಿದ್ದೆ, ಯಾವ ಟ್ರಾಕ್ಟರೂ ಹತ್ತದೆ. ನನ್ನ ಜೀವಮಾನದಲ್ಲಿ ನನ್ನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಎಂ.ಎ. ಪಾಸಾದಾಗಲೂ.

ಅತ್ತೆ ಕೊಟ್ಟಿಗೆಯ ಮುಂದೆ ಸೋಗೆ ಕತ್ತರಿಸುತ್ತಿದ್ದರು. ಎದ್ದು ನಿಂತು, ಕೈ ಹಣೆಗಿಟ್ಟು ನೋಡಿದರು. ಆಮೇಲೆ ಬೀದಿಗೆ ಹೋಗಿ ಕೂಗಿದರು: “ಬಂದ್ ನೋಡ್ರವ್ವಾ! ನಮ್ ಉಡ್ಗಿ ಪಟ್ಣಕ್ಕೋಗಿ, ಕರಿಘಟ್ಟ ಅತ್ತಿ, ಓಡ್ಕಂಡೇ ಬಂದವ್ಳೆ!” ನಾಲ್ಕು ಮನೆಯವರು ಬಂದರು. “ಯಾಕಂತೆ?” ಎಂದು ಒಬ್ಬಳು ಕೇಳಿದಳು. “ಯಾಕೆ ಅಂದ್ರೆ? ಓಡ್ತಾಳೆ, ಅದ್ಕೆ!” ಎಂದರು ಅತ್ತೆ, ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲವೆಂಬಂತೆ.

ಮುದ್ದೆ ಉಣ್ಣುವಾಗ ಕವರಿನ ಕಥೆ ಹೇಳಿದೆ. ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳೆಯ ಪ್ಲಾಸ್ಟಿಕ್ ಕವರು ತಂದರು. ಈಗ ಅದರಲ್ಲಿ ಹಸುವಿನ ವಿಮೆಯ ಕಾಗದ ಇಟ್ಟಿದ್ದಾರೆ. “ಇದೇಯ ಆವತ್ತಿಂದು.” ನೋಡಿದೆ. ಹಳದಿಯೂ ಅಲ್ಲ, ಗುಲಾಬಿಯೂ ಅಲ್ಲ. ನೀಲಿ.

ಹಸುವಿನ ಕಾಗದ ತೆಗೆದಿಟ್ಟು, ನನ್ನ ಆಧಾರ್ ಕಾರ್ಡನ್ನು ಅದರೊಳಗಿಟ್ಟು, ಅರಿಶಿನದ ದಾರ ಸುತ್ತಿ ಗಂಟು ಹಾಕಿದರು. “ಈ ಸಲ ಬಿಚ್ಚಿ ನೋಡ್ಕಂಡೇ ಓಗು” ಎಂದರು. ಇಬ್ಬರೂ ನಕ್ಕೆವು.

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಓಟ. ಹೋಗುವ ಇಪ್ಪತ್ತೈದಕ್ಕೆ ನಾನು ಹೆದರುವುದಿಲ್ಲ, ಅದು ಹುಟ್ಟೂರಿನ ದಿಕ್ಕು. ತಿರುಗಿ ನಿಂತ ಮೇಲಿನ ಇಪ್ಪತ್ತೈದಕ್ಕೆ ಏನಾದರೂ ಬೇಕು, ಬೆಲ್ಲಕ್ಕಿಂತ ಗಟ್ಟಿಯಾದದ್ದು. ಅದಕ್ಕೇ ಮೊನ್ನೆ ವಾಪಸ್ ಬಸ್ಸಿಗೆ ಕಾಯುವಾಗ ಅತ್ತೆಯನ್ನೇ ಕೇಳಿದೆ. ಅತ್ತೆ ನನ್ನ ಮುಖ ನೋಡಿದರು, ನನ್ನ ಬೂಟು ನೋಡಿದರು, ನಾಲೆಯ ಕಡೆ ನೋಡಿದರು. ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಅಸು ಕೂಗ್ತಾ ಅದೆ” ಎಂದು ಮನೆಯ ಕಡೆ ಹೊರಟರು, ಅದೇ ಚಿಕ್ಕ ಹೆಜ್ಜೆಯಲ್ಲಿ, ತಲೆ ಅಲುಗದಂತೆ. ನನಗೆ ಯಾವ ಹಸುವಿನ ಕೂಗೂ ಕೇಳಿಸಿರಲಿಲ್ಲ. ಬೆನ್ನ ಹಿಂದಿನಿಂದಲೇ ಇನ್ನೊಂದು ಸಲ ಕೂಗಿ ಕೇಳಿದೆ:

“ಅತ್ತೆ, ಆವತ್ತು ನೀನು ವಾಪಸ್ ಹೆಂಗ್ ಬಂದೆ?”